ದೇವರಾಜ್ಯದ ಶಾಂತಿಪಾಠವೂ ಒಂದು ಗಡಿಹಳ್ಳಿಯ ವಿದ್ಯಾರ್ಥಿಯೂ

ಕೆಲವು ವರ್ಷಗಳ ಹಿಂದಿನ ಮಾತು. ನಾವು ಕಾಸರಗೋಡು ಸೀಮೆಯ ಒಂದು ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿಗೆ ಎರಡನೆಯ ಮಹಾಯುದ್ಧದ ಪಾಠವನ್ನು ಹೇಳುತ್ತಿದ್ದೆವು. ಒಪ್ಪಂದಗಳ ತಾರೀಖು, ಸೈನ್ಯಗಳ ಚಲನೆ, ಸತ್ತವರ ಲೆಕ್ಕ ಎಲ್ಲ ಮುಗಿಯುತ್ತ ಬಂದಾಗ ಹಿಂದಿನ ಬೆಂಚಿನ ಒಬ್ಬ ಕಥೋಲಿಕ ಹುಡುಗನು ಎದ್ದು ನಿಂತನು. “ಮಾಸ್ಟ್ರೇ, ದೇವರ ರಾಜ್ಯ ಬರಬೇಕು ಅಂತ ನಾವು ದಿನಾ ಸಂಜೆ ಮನೆಯಲ್ಲಿ ಪ್ರಾರ್ಥನೆ ಮಾಡುತ್ತೇವೆ. ಅದು ಶಾಂತಿಯ ರಾಜ್ಯ ಅಂತ ಇಗರ್ಜಿಯಲ್ಲಿ ಕಲಿಸುತ್ತಾರೆ. ಜರ್ಮನಿಯವರೂ ಇದೇ ಪ್ರಾರ್ಥನೆ ಮಾಡುತ್ತಿದ್ದರಲ್ಲ, ಮತ್ತೆ ಯುದ್ಧಕ್ಕೆ ಹೇಗೆ ಹೋದರು?” ಎಂದು ಕೇಳಿದನು. ತರಗತಿ ನಕ್ಕಿತು. ನಾವು ನಗಲಿಲ್ಲ, ಆದರೆ ಉತ್ತರವನ್ನೂ ಕೊಡಲಿಲ್ಲ. ಗಂಟೆ ಬಾರಿಸಿದ್ದನ್ನೇ ನೆಪಮಾಡಿಕೊಂಡು ಹೊರಗೆ ಬಂದೆವು.

ಆ ಪ್ರಶ್ನೆ ಮಾತ್ರ ನಮ್ಮನ್ನು ಬಿಡಲಿಲ್ಲ. ಚರಿತ್ರೆಯ ಅಧ್ಯಾಪಕನು ಯುದ್ಧದ ಕಾರಣಗಳನ್ನು ಹತ್ತು ಅಂಶಗಳಲ್ಲಿ ಬರೆಸಬಲ್ಲನು. ಬಾಲ್ಯದಿಂದ ಶಾಂತಿಯನ್ನು ಬಾಯಿಪಾಠ ಮಾಡಿದ ಜನರು ಯುದ್ಧಕ್ಕೆ ಹೇಗೆ ಹೊರಟರೆಂಬುದಕ್ಕೆ ಪಠ್ಯಪುಸ್ತಕದಲ್ಲಿ ಉತ್ತರವಿಲ್ಲ. ಅದು ರಾಜ್ಯಗಳ ಚರಿತ್ರೆಗಿಂತ ಹೆಚ್ಚಾಗಿ ಪಾಠದ ಚರಿತ್ರೆಗೆ ಸೇರಿದ ಪ್ರಶ್ನೆ; ಎಂದರೆ ನಮ್ಮ ವೃತ್ತಿಗೇ ಸೇರಿದ ಪ್ರಶ್ನೆ. ಕಥೋಲಿಕ ಧರ್ಮಸಭೆಯು ತನ್ನ ಮಕ್ಕಳಿಗೆ ದೇವರಾಜ್ಯದ ಶಾಂತಿಯನ್ನು ಹೇಗೆ ಕಲಿಸಿತು, ಆ ಪಾಠದಲ್ಲಿ ಬಿರುಕು ಎಲ್ಲಿತ್ತು, ಅದನ್ನು ತಿದ್ದಿಕೊಂಡ ಬಗೆ ಯಾವುದು ಎಂಬುದನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲು ಯತ್ನಿಸಿದ್ದೇವೆ. ಒಂದು ಧರ್ಮದ ಗುಣದೋಷಗಳನ್ನು ತೂಗಿನೋಡುವುದು ನಮ್ಮ ಉದ್ದೇಶವಲ್ಲವೆಂದು ಮೊದಲೇ ಅರಿಕೆ ಮಾಡಿಕೊಳ್ಳುತ್ತೇವೆ.

ನಮ್ಮ ಸೀಮೆಯ ಬೇಳ, ಮಂಜೇಶ್ವರ ಮೊದಲಾದ ಊರುಗಳ ಇಗರ್ಜಿಗಳು ಮಂಗಳೂರು ಧರ್ಮಪ್ರಾಂತಕ್ಕೆ ಸೇರಿದವು. ಅಲ್ಲಿ ಮಕ್ಕಳಿಗೆ ನಡೆಯುವ ಧರ್ಮಪಾಠಕ್ಕೆ ಕೊಂಕಣಿಯಲ್ಲಿ ‘ದೊತೊರ್ನ್’ ಎಂದು ಹೆಸರು. ಬೋಧನೆ ಎಂಬರ್ಥದ ಪೋರ್ಚುಗೀಸ್ ಮಾತಿನಿಂದ ಬಂದದ್ದು. ಪ್ರಶ್ನೆ, ಉತ್ತರ, ಮತ್ತೆ ಪ್ರಶ್ನೆ, ಮತ್ತೆ ಉತ್ತರ, ಎಲ್ಲವನ್ನೂ ಕಂಠಸ್ಥ ಮಾಡಿ ಒಪ್ಪಿಸುವುದು. ಕೆಲವು ಶತಮಾನಗಳ ಕಾಲ ಲೋಕದ ಬಹುಭಾಗಗಳಲ್ಲಿ ಕಥೋಲಿಕ ಮಕ್ಕಳು ಧರ್ಮವನ್ನು ಕಲಿತದ್ದು ಹೀಗೆಯೇ. ಮಗ್ಗಿಯನ್ನೂ ಅಮರವನ್ನೂ ಬಾಯಿಪಾಠ ಮಾಡಿಸಿದ ಪರಂಪರೆಯ ನಮಗೆ ಈ ಕ್ರಮದ ಬಲವೂ ಗೊತ್ತು, ಅದರ ದೌರ್ಬಲ್ಯವೂ ಗೊತ್ತು. ಕಲಿತದ್ದು ಮರೆಯುವುದಿಲ್ಲ ಎಂಬುದು ಬಲ. ಮರೆಯದಿರುವುದನ್ನೆಲ್ಲ ಅರಿತದ್ದೆಂದು ಭ್ರಮಿಸುವುದು ದೌರ್ಬಲ್ಯ.

ಈಗ ಪದಗಳ ವಿಚಾರ. ಯೇಸುಸ್ವಾಮಿಯ ಉಪದೇಶದ ಕೇಂದ್ರದಲ್ಲಿರುವ ಮಾತು ‘ದೇವರಾಜ್ಯ’. ಅದು ಮೇರೆ, ಕೋಟೆ, ಕಂದಾಯಗಳುಳ್ಳ ನಾಡಲ್ಲ. ದೇವರ ಇಚ್ಛೆ ನಡೆಯುವ ಸ್ಥಿತಿ. ಅದು ಇಲ್ಲಿದೆ, ಅಲ್ಲಿದೆ ಎಂದು ಬೆರಳುಮಾಡಿ ತೋರಿಸಲಾಗದೆಂದೂ ಅದು ಆಗಲೇ ಜನರ ನಡುವೆಯೇ ಇದೆಯೆಂದೂ ಲೂಕನ ಶುಭಸಂದೇಶದಲ್ಲಿ ಬರುತ್ತದೆ. ಸಂತ ಪೌಲನು ರೋಮಿನವರಿಗೆ ಬರೆದ ಪತ್ರದಲ್ಲಿ ನೀತಿ, ಶಾಂತಿ, ಆನಂದ ಇವು ಮೂರನ್ನು ಆ ರಾಜ್ಯದ ಲಕ್ಷಣಗಳೆಂದು ಹೇಳಿದ್ದಾನೆ. ಶಾಂತಿಗೆ ಹೀಬ್ರೂ ಭಾಷೆಯಲ್ಲಿರುವ ಪದ ‘ಶಾಲೋಮ್’. ಜಗಳವಿಲ್ಲದಿರುವುದು ಎಂಬಷ್ಟೇ ಅದರ ಅರ್ಥವಲ್ಲ. ಕುಂದಿಲ್ಲದ ಸಮಗ್ರತೆ, ಕ್ಷೇಮ, ಒಳ್ಳೆಯ ಬಾಳು ಎಂಬುದೆಲ್ಲ ಅದರೊಳಗಿದೆ. ನಮ್ಮ ‘ಕ್ಷೇಮ’ವೂ ‘ನೆಮ್ಮದಿ’ಯೂ ಕೂಡಿದರೆ ಅದಕ್ಕೆ ಸಮೀಪವಾದೀತು. ಇದಕ್ಕೆ ಪ್ರತಿಯಾಗಿ ರೋಮನ್ ಸಾಮ್ರಾಜ್ಯವು ಶಾಂತಿಯೆಂದು ಕರೆದದ್ದು ಕತ್ತಿಯ ನೆರಳಿನ ಮೌನವನ್ನು. ತಾನು ಕೊಡುವ ಶಾಂತಿ ಲೋಕವು ಕೊಡುವಂಥದಲ್ಲವೆಂದು ಯೇಸು ಶಿಷ್ಯರಿಗೆ ಹೇಳಿದಾಗ ಈ ಭೇದವೇ ಮನಸ್ಸಿನಲ್ಲಿದ್ದಿರಬೇಕು.

ನಾಲ್ಕನೆಯ ಶತಮಾನದಲ್ಲಿ ರೋಮನ್ ಚಕ್ರವರ್ತಿಗಳೇ ಕ್ರೈಸ್ತರಾದ ಮೇಲೆ ಪಾಠವು ಜಟಿಲವಾಯಿತು. ರಾಜ್ಯವನ್ನು ಕಾಯುವ ಹೊಣೆ ಈಗ ಕ್ರೈಸ್ತರದ್ದೇ. ಐದನೆಯ ಶತಮಾನದ ಆರಂಭದಲ್ಲಿ ಸಂತ ಅಗಸ್ಟೀನನು ‘ದೇವನಗರ’ವೆಂಬ ತನ್ನ ಮಹಾಗ್ರಂಥದ ಹತ್ತೊಂಬತ್ತನೆಯ ಭಾಗದಲ್ಲಿ ಶಾಂತಿಯನ್ನು ಸುವ್ಯವಸ್ಥೆಯಿಂದ ಹುಟ್ಟುವ ನೆಲೆಗೊಂಡ ಸ್ಥಿತಿಯೆಂದು ನಿರೂಪಿಸಿದನು, ನ್ಯಾಯವಿಲ್ಲದ ರಾಜ್ಯ ದರೋಡೆಕೋರರ ಗುಂಪಿಗಿಂತ ಬೇರೆಯಲ್ಲವೆಂದೂ ಅದೇ ಗ್ರಂಥದಲ್ಲಿ ಎಚ್ಚರಿಸಿದನು. ಯುದ್ಧವು ಅನಿವಾರ್ಯವಾದಾಗ ಅದಕ್ಕೆ ಕಟ್ಟುಪಾಡು ಬೇಕೆಂಬ ವಿಚಾರವೂ ಅವನಿಂದ ಬೆಳೆಯಿತು. ಹದಿಮೂರನೆಯ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸನು ಅದನ್ನು ಮೂರು ನಿಬಂಧನೆಗಳಲ್ಲಿ ಅಡಕಮಾಡಿದನು: ಯುದ್ಧವನ್ನು ಸಾರುವವನಿಗೆ ಅಧಿಕಾರವಿರಬೇಕು, ಕಾರಣ ನ್ಯಾಯವಾಗಿರಬೇಕು, ಉದ್ದೇಶ ಶುದ್ಧವಾಗಿರಬೇಕು. ಇದಕ್ಕೂ ಮುಂಚೆ, ೯೮೯ರಲ್ಲಿ ಫ್ರಾನ್ಸ್ ದೇಶದ ಶಾರೂ ಎಂಬಲ್ಲಿ ಕೂಡಿದ ಧರ್ಮಾಧ್ಯಕ್ಷರು ಇಗರ್ಜಿಗಳನ್ನು ಕೊಳ್ಳೆಹೊಡೆಯುವವರಿಗೂ ಬಡವರ ದನಕರುಗಳನ್ನು ಕಸಿಯುವವರಿಗೂ ನಿರಾಯುಧರಾದ ಪಾದ್ರಿಗಳ ಮೇಲೆ ಕೈಮಾಡುವವರಿಗೂ ಬಹಿಷ್ಕಾರದ ಶಿಕ್ಷೆಯನ್ನು ವಿಧಿಸಿದ್ದರು. ಮುಂದಿನ ಶತಮಾನದಲ್ಲಿ ವಾರದ ಕೆಲವು ದಿನಗಳಲ್ಲಿ ಕತ್ತಿ ಹಿರಿಯಬಾರದೆಂಬ ‘ದೇವರ ಕದನವಿರಾಮ’ವೂ ಹುಟ್ಟಿತು. ಯುದ್ಧವನ್ನು ನಿಲ್ಲಿಸಲಾಗದಿದ್ದರೂ ಅದಕ್ಕೆ ಬೇಲಿ ಹಾಕುವ ಪ್ರಯತ್ನಗಳಿವು. ಅದೇ ಶತಮಾನದ ಕೊನೆಯಲ್ಲಿ ಅದೇ ಧರ್ಮಸಭೆ ಧರ್ಮಯುದ್ಧದ ಕರೆಯನ್ನೂ ಕೊಟ್ಟಿತೆಂಬುದನ್ನು ಮರೆಮಾಚಬೇಕಾದ್ದಿಲ್ಲ.

ಈ ವಿಚಾರಗಳು ಪಂಡಿತರ ಗ್ರಂಥಗಳಿಂದ ಮಕ್ಕಳ ಪಾಠಕ್ಕೆ ಇಳಿದಾಗ ಏನಾಯಿತೆಂಬುದೇ ನಮ್ಮ ಮುಖ್ಯ ವಿಷಯ. ೧೫೬೬ರಲ್ಲಿ ಟ್ರೆಂಟ್ ಮಹಾಸಭೆಯ ತೀರ್ಮಾನದಂತೆ ರೋಮಿನಲ್ಲಿ ಪ್ರಕಟವಾದ ಧರ್ಮೋಪದೇಶ ಗ್ರಂಥವು ಪಾದ್ರಿಗಳ ಕೈಪಿಡಿಯಾಯಿತು. ಕಥೋಲಿಕರ ಗಣನೆಯಂತೆ ಹತ್ತು ಕಟ್ಟಳೆಗಳಲ್ಲಿ ನಾಲ್ಕನೆಯದು ತಂದೆತಾಯಿಗಳನ್ನು ಗೌರವಿಸಬೇಕೆಂಬುದು; ಐದನೆಯದು ಕೊಲೆಯನ್ನು ನಿಷೇಧಿಸುವುದು. ನಾಲ್ಕನೆಯ ಕಟ್ಟಳೆಯ ವಿವರಣೆಯಲ್ಲಿ ತಂದೆತಾಯಿಗಳ ಜೊತೆಗೆ ಗುರುಹಿರಿಯರು, ಅಧಿಕಾರಿಗಳು, ಅರಸರು ಎಲ್ಲರಿಗೂ ವಿಧೇಯತೆ ಸಲ್ಲಬೇಕೆಂದಾಯಿತು. ಪಾಪವನ್ನು ಮಾಡೆಂದರೆ ವಿಧೇಯನಾಗಬೇಕಾದ್ದಿಲ್ಲವೆಂಬ ಷರತ್ತೂ ಜೊತೆಗಿತ್ತು. ಐದನೆಯದರ ವಿವರಣೆಯಲ್ಲಿ ನ್ಯಾಯವಾದ ಯುದ್ಧದಲ್ಲಿ ಕೊಂದ ಸೈನಿಕನು ತಪ್ಪಿತಸ್ಥನಲ್ಲವೆಂಬ ವಿನಾಯಿತಿ ಸೇರಿತು. ಯುದ್ಧ ನ್ಯಾಯವೋ ಅಲ್ಲವೋ ಎಂಬುದನ್ನು ನಿರ್ಧರಿಸುವವರು ಯಾರು? ಆಳುವವರು. ಹೀಗೆ ಷರತ್ತು ಪುಸ್ತಕದಲ್ಲಿ ಉಳಿಯಿತು, ವಿಧೇಯತೆ ಬಾಯಿಗೆ ಬಂದಿತು. ದೇವರಾಜ್ಯದ ಶಾಂತಿ ಹೃದಯದೊಳಗಿನ ನೆಮ್ಮದಿಯೂ ಸತ್ತ ಮೇಲಿನ ಸ್ವರ್ಗವೂ ಆಗಿ ನಿಂತು, ನಡುವಣ ಬಾಳನ್ನೆಲ್ಲ ನಾಲ್ಕನೆಯ ಕಟ್ಟಳೆ ಆಕ್ರಮಿಸಿತು. ಒಂದೇ ಪುಸ್ತಕದಲ್ಲಿ ಎರಡು ಪಾಠಗಳಿದ್ದರೆ ಮಕ್ಕಳು ಕಲಿಯುವುದು ಯಾವುದನ್ನು? ಯಾವುದನ್ನು ಒಪ್ಪಿಸದಿದ್ದರೆ ಏಟು ಬೀಳುವುದೋ ಅದನ್ನು.

ಮೊದಲನೆಯ ಮಹಾಯುದ್ಧದಲ್ಲಿ ಈ ಬಿರುಕು ಎಲ್ಲರ ಕಣ್ಣಿಗೂ ಬಿದ್ದಿತು. ಎರಡೂ ಕಡೆಯ ಕಂದಕಗಳಲ್ಲಿ ಒಂದೇ ಧರ್ಮೋಪದೇಶವನ್ನು ಕಲಿತ ಯುವಕರು ಒಬ್ಬರನ್ನೊಬ್ಬರು ಕೊಂದರು. ೧೯೧೭ರ ಆಗಸ್ಟ್ ೧ರ ತಾರೀಖು ಹಾಕಿ ಹದಿನೈದನೆಯ ಬೆನೆಡಿಕ್ಟ್ ಜಗದ್ಗುರುಗಳು ಯುದ್ಧನಿರತ ರಾಷ್ಟ್ರಗಳ ನಾಯಕರಿಗೆ ಶಾಂತಿಪತ್ರವನ್ನು ಕಳುಹಿಸಿದರೂ ಅದು ಫಲಿಸಲಿಲ್ಲ. ಅವರ ಉತ್ತರಾಧಿಕಾರಿ ಹನ್ನೊಂದನೆಯ ಪಿಯುಸ್ ಜಗದ್ಗುರುಗಳು ಕ್ರಿಸ್ತನ ರಾಜ್ಯದಲ್ಲಿ ಕ್ರಿಸ್ತನ ಶಾಂತಿ ಎಂಬುದನ್ನೇ ತಮ್ಮ ಆಳ್ವಿಕೆಯ ಧ್ಯೇಯವಾಗಿ ಇಟ್ಟುಕೊಂಡು, ೧೯೨೨ರ ಡಿಸೆಂಬರ್ ೨೩ರಂದು ತಮ್ಮ ಮೊದಲ ವಿಶ್ವಪತ್ರದಲ್ಲಿ ಅದನ್ನು ವಿವರಿಸಿದರು. ಶಾಂತಿಯು ಕಾಗದದ ಮೇಲೆ ಸಹಿಯಾಗಿದೆಯೇ ಹೊರತು ಮನುಷ್ಯರ ಹೃದಯಕ್ಕೆ ಇಳಿದಿಲ್ಲವೆಂಬುದು ಅವರ ಕೊರಗು. ೧೯೨೫ರ ಡಿಸೆಂಬರ್ ೧೧ರಂದು ಕ್ರಿಸ್ತರಾಜನ ಹಬ್ಬವನ್ನು ಸ್ಥಾಪಿಸಿದರು. ಮಹಾಸಭೆಗಳ ತೀರ್ಮಾನಗಳು ಪಂಡಿತರಿಗೆ ಮುಟ್ಟುತ್ತವೆ, ಹಬ್ಬಗಳು ವರ್ಷವರ್ಷವೂ ಎಲ್ಲರಿಗೂ ಕಲಿಸುತ್ತವೆ ಎಂಬುದು ಅವರ ವಾದ. ಅಧ್ಯಾಪಕರಾದ ನಾವು ಮೆಚ್ಚಬೇಕಾದ ಮಾತಿದು. ಆ ಹಬ್ಬದಿಂದ ಒಂದು ಹೊಸ ಅಂಶ ಪಾಠಕ್ಕೆ ಸೇರಿತು: ದೇವರಾಜ್ಯಕ್ಕೆ ಒಳಮನಸ್ಸಿನ ಮೇಲಷ್ಟೇ ಅಲ್ಲ, ರಾಜ್ಯಗಳ ಮೇಲೂ ಹಕ್ಕುಂಟು.

ಇಲ್ಲಿ ಒಂದು ಶಬ್ದದ ವಿಷಯವನ್ನು ಹೇಳಬೇಕು. ದೇವರಾಜ್ಯ ಬರಲೆಂದು ಕೋರುವ ಪ್ರಾರ್ಥನೆಯಲ್ಲಿ ಜರ್ಮನ್ ಭಾಷಿಕರು ರಾಜ್ಯಕ್ಕೆ ಬಳಸುವ ಪದ ‘ರೈಖ್’. ಹಿಟ್ಲರನ ಪ್ರಭುತ್ವವೂ ತನ್ನನ್ನು ‘ಮೂರನೆಯ ರೈಖ್’ ಎಂದು ಕರೆದುಕೊಂಡಿತು. ೧೯೩೮ರ ನಂತರ ಆಸ್ಟ್ರಿಯದ ಒಂದು ಹಳ್ಳಿಯ ಮಗು ಬೆಳಿಗ್ಗೆ ಇಗರ್ಜಿಯಲ್ಲಿಯೂ ಅನಂತರ ಶಾಲೆಯಲ್ಲಿಯೂ ಒಂದೇ ಪದವನ್ನು ಕೇಳುತ್ತಿತ್ತು. ಎರಡರಲ್ಲಿ ಯಾವುದರ ಪ್ರಜೆ ತಾನು ಎಂಬ ಪ್ರಶ್ನೆ ಬಹುಮಂದಿಗೆ ಹೊಳೆಯಲಿಲ್ಲ. ಹೊಳೆದ ಒಬ್ಬನ ಕಥೆಯನ್ನು ಈಗ ಹೇಳುತ್ತೇವೆ.

ಆಸ್ಟ್ರಿಯದ ವಾಯವ್ಯ ಅಂಚಿನಲ್ಲಿ, ಸಾಲ್ತ್ಸಾಖ್ ನದಿಯ ಸಮೀಪದಲ್ಲಿ, ಸಾಂಕ್ಟ್ ರಾಡೆಗುಂಡ್ ಎಂಬ ಸಣ್ಣ ಹಳ್ಳಿಯಿದೆ. ನದಿಯ ಆಚೆಗೆ ಜರ್ಮನಿಯ ಬವೇರಿಯಾ. ೧೭೭೯ರ ಟೆಶೆನ್ ಒಪ್ಪಂದದವರೆಗೆ ಈ ಸೀಮೆಯೂ ಬವೇರಿಯಾಕ್ಕೇ ಸೇರಿತ್ತು. ಎರಡು ದಡಗಳ ಮಾತೂ ಒಂದೇ, ಬೇಸಾಯವೂ ಒಂದೇ. ಗೆರೆ ಮಾತ್ರ ನಡುವೆ. ಗಡಿನಾಡಿನವರಾದ ನಮಗೆ ಇಂಥ ಊರನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಹಿಟ್ಲರನು ಹುಟ್ಟಿದ ಬ್ರೌನೌ ಪಟ್ಟಣವೂ ಇದೇ ಜಿಲ್ಲೆಯಲ್ಲಿದೆಯೆಂಬುದು ಚರಿತ್ರೆಯ ವಿಚಿತ್ರಗಳಲ್ಲೊಂದು.

ಈ ಹಳ್ಳಿಯಲ್ಲಿ ೧೯೦೭ರ ಮೇ ೨೦ರಂದು ಫ್ರಾಂಟ್ಸ್ ಹುಟ್ಟಿದನು. ತಾಯಿ ಬಡ ಕೂಲಿಯಾಳು, ತಂದೆತಾಯಿಗೆ ಮದುವೆಯಾಗಿರಲಿಲ್ಲ. ಅಜ್ಜಿ ಸಾಕಿದಳು. ತಂದೆ ಮೊದಲನೆಯ ಮಹಾಯುದ್ಧದಲ್ಲಿ ಸತ್ತನು. ೧೯೧೭ರಲ್ಲಿ ತಾಯಿ ಮದುವೆಯಾದ ರೈತನು ಹುಡುಗನನ್ನು ದತ್ತುಮಾಡಿಕೊಂಡದ್ದರಿಂದ ಯೇಗರ್‌ಸ್ಟೆಟ್ಟರ್ ಎಂಬ ಮನೆತನದ ಹೆಸರು ಬಂದಿತು. ಊರಿನ ಶಾಲೆಗೆ ಒಂದೇ ಕೋಣೆ, ಒಬ್ಬರೇ ಉಪಾಧ್ಯಾಯರು. ಐವತ್ತು ಅರುವತ್ತು ಮಕ್ಕಳು, ಏಳು ತರಗತಿಗಳು. ಏಕೋಪಾಧ್ಯಾಯ ಶಾಲೆಗಳಲ್ಲಿ ದುಡಿದ ನಮ್ಮ ಹಿರಿಯರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಅಷ್ಟೇ ಅವನ ವಿದ್ಯಾಭ್ಯಾಸ. ದತ್ತುಮನೆಯ ಅಜ್ಜನಲ್ಲಿ ಪುಸ್ತಕಗಳಿದ್ದವು. ಓದುವ ಚಟ ಅಲ್ಲಿಂದ ಹಿಡಿಯಿತು. ಯೌವನದಲ್ಲಿ ಅವನೇನೂ ಸಾಧುಸ್ವಭಾವದವನಾಗಿರಲಿಲ್ಲ. ಕೆಲವು ವರ್ಷ ಕಬ್ಬಿಣದ ಅದಿರಿನ ಗಣಿಯಲ್ಲಿ ದುಡಿದನು; ಊರಿಗೆ ಮೊದಲ ಮೋಟಾರ್ ಸೈಕಲ್ ತಂದವನು ಅವನೇ. ಮದುವೆಗೆ ಮುಂಚೆಯೇ ಒಂದು ಹೆಣ್ಣುಮಗುವಿನ ತಂದೆಯೂ ಆಗಿದ್ದನು. ೧೯೩೬ರಲ್ಲಿ ಫ್ರಾನ್ಸಿಸ್ಕಾ ಎಂಬವಳನ್ನು ಮದುವೆಯಾದ ಮೇಲೆ ಗಂಡಹೆಂಡಿರು ಕೂಡಿ ಬೈಬಲನ್ನು ಓದತೊಡಗಿದರು. ಮೂವರು ಹೆಣ್ಣುಮಕ್ಕಳಾದರು. ಮುಂದೆ ಊರಿನ ಇಗರ್ಜಿಯಲ್ಲಿ ಗಂಟೆ ಬಾರಿಸಿ, ಬಲಿಪೂಜೆಗೆ ಅಣಿಮಾಡಿಕೊಡುವ ಪರಿಚಾರಕನ ಕೆಲಸವನ್ನೂ ವಹಿಸಿಕೊಂಡನು.

ಈ ವಿದ್ಯಾರ್ಥಿಗೆ ಪಾಠ ಹೇಳಿದವರು ಏನು ಹೇಳಿದರೆಂಬುದನ್ನು ನೋಡೋಣ. ೧೯೩೩ರ ಜನವರಿಯಲ್ಲಿ ಅವನ ಧರ್ಮಪ್ರಾಂತವಾದ ಲಿಂಟ್ಸ್‌ನ ಧರ್ಮಾಧ್ಯಕ್ಷರು, ಒಳ್ಳೆಯ ಕಥೋಲಿಕನೂ ನಿಜವಾದ ನಾತ್ಸಿಯೂ ಏಕಕಾಲದಲ್ಲಿ ಆಗಿರಲು ಸಾಧ್ಯವಿಲ್ಲವೆಂದು ಪತ್ರ ಹೊರಡಿಸಿದರು. ೧೯೩೮ರ ಮಾರ್ಚ್ ೧೨ರಂದು ಜರ್ಮನ್ ಸೈನ್ಯ ಆಸ್ಟ್ರಿಯವನ್ನು ಹೊಕ್ಕಿತು. ಮಾರ್ಚ್ ೧೮ರಂದು ಆಸ್ಟ್ರಿಯದ ಧರ್ಮಾಧ್ಯಕ್ಷರು ಒಟ್ಟಾಗಿ ಹೊಸ ಪ್ರಭುತ್ವವನ್ನು ಸ್ವಾಗತಿಸುವ ಹೇಳಿಕೆಗೆ ಸಹಿ ಹಾಕಿದರು. ಅದು ೨೭ರ ಭಾನುವಾರ ಇಗರ್ಜಿಗಳಲ್ಲಿ ಓದಲ್ಪಟ್ಟಿತು. ಐದು ವರ್ಷಗಳಲ್ಲಿ ಗುರುಗಳ ಪಾಠ ಬದಲಾಗಿತ್ತು. ವಿದ್ಯಾರ್ಥಿಯು ಮೊದಲಿನದನ್ನೇ ನೆನಪಿಟ್ಟುಕೊಂಡಿದ್ದನು. ಏಪ್ರಿಲ್ ೧೦ರ ಜನಮತಗಣನೆಯಲ್ಲಿ ಸಾಂಕ್ಟ್ ರಾಡೆಗುಂಡಿನಲ್ಲಿ ವಿಲೀನ ಬೇಡವೆಂದು ಮತ ಕೊಟ್ಟವನು ಅವನೊಬ್ಬನೇ. ಊರಿನ ಮತ ಸರ್ವಾನುಮತವೆಂದೇ ಮೇಲಕ್ಕೆ ವರದಿ ಹೋಯಿತು.

ಅದೇ ವರ್ಷ ಅವನು ಒಂದು ಕನಸು ಕಂಡನು. ಬೆಟ್ಟವನ್ನು ಸುತ್ತಿಬರುವ ಒಂದು ಸೊಗಸಾದ ರೈಲು. ಮಕ್ಕಳೂ ದೊಡ್ಡವರೂ ಅದಕ್ಕೆ ಹತ್ತಲು ಓಡುತ್ತಿದ್ದಾರೆ. ಅದು ನರಕಕ್ಕೆ ಹೋಗುವ ರೈಲೆಂದು ಯಾರೋ ಹೇಳಿದಂತೆ ಕೇಳಿಸಿತು. ಆ ರೈಲು ನಾತ್ಸಿ ಪ್ರಭುತ್ವವೆಂದು ಆಮೇಲೆ ತನ್ನ ಟಿಪ್ಪಣಿ ಪುಸ್ತಕದಲ್ಲಿ ತಾನೇ ಅರ್ಥ ಬರೆದುಕೊಂಡನು. ಈ ಟಿಪ್ಪಣಿಗಳು ಪಂಡಿತನ ಬರೆಹಗಳಲ್ಲ. ಹಳ್ಳಿಶಾಲೆಯಲ್ಲಿ ಕಲಿತವನು ಪ್ರಶ್ನೆ ಹಾಕಿಕೊಂಡು ತಾನೇ ಉತ್ತರ ಹುಡುಕಿದ ಬರೆಹಗಳು. ಧರ್ಮೋಪದೇಶದ ಪಾಠಕ್ರಮ ಅವನ ಕೈಯಲ್ಲಿ ಮತ್ತೆ ಜೀವಂತವಾಯಿತೆನ್ನಬೇಕು. ಪುಸ್ತಕದ ಪ್ರಶ್ನೆಗೆ ಪುಸ್ತಕದ ಉತ್ತರವನ್ನು ಒಪ್ಪಿಸುವ ಬದಲು ತನ್ನ ಬಾಳಿನ ಪ್ರಶ್ನೆಯನ್ನು ಅದರ ಮುಂದಿಟ್ಟನು: ಪರರ ನಾಡನ್ನು ಕಸಿಯುವ, ದುರ್ಬಲರನ್ನು ಕೊಲ್ಲುವ ಪ್ರಭುತ್ವಕ್ಕೆ ಗೆಲುವು ತರಲು ಹೋರಾಡುವುದು ಪಾಪವಲ್ಲವೇ?

೧೯೪೦ರಿಂದ ೧೯೪೧ರವರೆಗೆ ಅವನು ಸೈನಿಕ ತರಬೇತಿಯನ್ನು ಪಡೆದನು; ಬೇಸಾಯದ ಕಾರಣದಿಂದ ಊರಿಗೆ ಮರಳಲು ಅನುಮತಿ ದೊರೆಯಿತು. ಮತ್ತೆ ಕರೆ ಬಂದರೆ ಹೋಗಲಾರೆನೆಂದು ಅಷ್ಟರಲ್ಲಿ ನಿಶ್ಚಯಿಸಿದ್ದನು. ಆದರೂ ತನ್ನ ನಿಶ್ಚಯವನ್ನು ಗುರುಗಳ ಮುಂದೆ ಇಡದೆ ಇರಲಿಲ್ಲ. ಊರಿನ ಪಾದ್ರಿಯವರನ್ನು ಕೇಳಿದನು. ಲಿಂಟ್ಸ್‌ಗೆ ಹೋಗಿ ಆಗಿನ ಹೊಸ ಧರ್ಮಾಧ್ಯಕ್ಷರನ್ನೇ ಕಂಡನು. ಹೆಂಡತಿಮಕ್ಕಳ ಹೊಣೆ ನಿನ್ನದು, ಪ್ರಭುತ್ವದ ಕಾರ್ಯಗಳ ಹೊಣೆ ನಿನ್ನದಲ್ಲ ಎಂಬ ಉತ್ತರ ದೊರೆಯಿತು. ಎಂದರೆ ನಾಲ್ಕನೆಯ ಕಟ್ಟಳೆಯ ಪಾಠ. ಈ ಗುರುಗಳನ್ನು ಹೇಡಿಗಳೆಂದು ಜರೆಯುವುದು ನಮಗೆ ಸುಲಭ; ಅದು ನ್ಯಾಯವಲ್ಲ. ಅದೇ ಊರಿನ ಹಿಂದಿನ ಪಾದ್ರಿಯವರು ಒಂದು ಉಪದೇಶದ ಕಾರಣದಿಂದಲೇ ೧೯೪೦ರಲ್ಲಿ ಸೆರೆಯಾಗಿದ್ದರು. ಬಂದವನು ಗುಪ್ತಚಾರನಿರಬಹುದೆಂಬ ಭಯವೂ, ನಿಜವಾಗಿ ರೈತನಾಗಿದ್ದರೆ ಅವನ ಪ್ರಾಣ ಉಳಿಯಲೆಂಬ ಕನಿಕರವೂ ಅವರಲ್ಲಿ ಇದ್ದಿರಬೇಕು. ಆದರೆ ಅವರ ಬಳಿ ಅವನಿಗೆ ಕೊಡಲು ಬೇರೊಂದು ಪಾಠ ಸಿದ್ಧವಾಗಿರಲಿಲ್ಲವೆಂಬುದೂ ಸತ್ಯ.

೧೯೪೩ರ ಮಾರ್ಚ್ ೧ರಂದು ಎನ್ಸ್ ಪಟ್ಟಣದ ಸೇನಾಠಾಣ್ಯಕ್ಕೆ ಹೋಗಿ, ಮರುದಿನ ತಾನು ಹೋರಾಡಲಾರೆನೆಂದು ತಿಳಿಸಿದನು. ಗಾಯಾಳುಗಳ ಶುಶ್ರೂಷೆಯ ಕೆಲಸವಾದರೆ ಮಾಡುವೆನೆಂದದ್ದು ಮಾನ್ಯವಾಗಲಿಲ್ಲ. ಮೊದಲು ಲಿಂಟ್ಸ್‌ನ ಸೆರೆಮನೆ, ಮೇ ತಿಂಗಳಿಂದ ಬರ್ಲಿನ್ನಿನ ಟೇಗೆಲ್. ಜುಲೈ ೬ರಂದು ಸೇನಾ ಉಚ್ಚ ನ್ಯಾಯಾಲಯ ಮರಣದಂಡನೆ ವಿಧಿಸಿತು. ಹೆಂಡತಿಯೂ ಊರಿನ ಪಾದ್ರಿಯೂ ಬರ್ಲಿನ್ನಿಗೆ ಹೋಗಿ ಕೊನೆಯ ಬಾರಿ ಕಂಡುಬಂದರು. ತನಗಿಂತ ಮುಂಚೆ, ೧೯೪೨ರಲ್ಲಿ, ಫ್ರಾಂಟ್ಸ್ ರೈನಿಶ್ ಎಂಬ ಆಸ್ಟ್ರಿಯದ ಪಾದ್ರಿಯೊಬ್ಬರು ಹಿಟ್ಲರನಿಗೆ ನಿಷ್ಠೆಯ ಪ್ರಮಾಣ ಮಾಡಲು ಒಪ್ಪದೆ ಪ್ರಾಣ ತೆತ್ತರೆಂಬ ಸಂಗತಿ ಸೆರೆಮನೆಯ ಪಾದ್ರಿಯಿಂದ ತಿಳಿದು, ತಾನು ಒಂಟಿಯಲ್ಲವೆಂಬ ಸಮಾಧಾನ ಅವನಿಗಾಯಿತು. ೧೯೪೩ರ ಆಗಸ್ಟ್ ೯ರಂದು ಬ್ರಾಂಡೆನ್‌ಬುರ್ಗ್‌ನ ಸೆರೆಮನೆಯಲ್ಲಿ ಅವನ ಶಿರಚ್ಛೇದವಾಯಿತು. ವಯಸ್ಸು ಮೂವತ್ತಾರು. ಹಿರಿಯ ಮಗಳಿಗೆ ಆರು ತುಂಬಿರಲಿಲ್ಲ. ಅವನು ಯುದ್ಧವೆಲ್ಲ ಪಾಪವೆಂದು ಸಾರಿದವನಲ್ಲ. ಈ ಯುದ್ಧ ಅನ್ಯಾಯವೆಂದು ತಿಳಿದಮೇಲೆ ಅದಕ್ಕೆ ಕೈಜೋಡಿಸಲಾರೆನೆಂದವನು. ಹಾಗೆಯೇ ನಿರಾಕರಿಸಿದವನು ಅವನೊಬ್ಬನೇ ಎಂದೂ ತಿಳಿಯಬಾರದು. ಆ ಪ್ರಭುತ್ವದಲ್ಲಿ ಆಯುಧ ಹಿಡಿಯಲೊಪ್ಪದೆ ಸತ್ತವರಲ್ಲಿ ಬಹುಮಂದಿ ಯೆಹೋವನ ಸಾಕ್ಷಿಗಳೆಂಬ ಪಂಥದವರು.

ಯುದ್ಧ ಮುಗಿಯಿತು, ಪಾಠ ತಿದ್ದಲು ಕಾಲ ಹಿಡಿಯಿತು. ೧೯೪೬ರಲ್ಲಿ ಅವನ ಚಿತಾಭಸ್ಮವನ್ನು ಊರಿಗೆ ತಂದು ಇಗರ್ಜಿಯ ಗೋಡೆಯ ಬಳಿ ಹುಗಿದರು. ಊರಿನ ಹಲವರಿಗೆ ಅವನು ಹೆಂಡತಿಮಕ್ಕಳನ್ನು ಕೈಬಿಟ್ಟ ಹಠಮಾರಿ. ತಮ್ಮ ಮಕ್ಕಳೋ ಕರ್ತವ್ಯ ಮಾಡಿ ಮಡಿದವರು. ಫ್ರಾನ್ಸಿಸ್ಕಾಗೆ ವಿಧವಾವೇತನ ೧೯೫೦ರವರೆಗೆ ಸಿಗಲಿಲ್ಲ. ಅವಳು ಹೊಲವನ್ನೂ ಮೂವರು ಮಕ್ಕಳನ್ನೂ ನೋಡಿಕೊಂಡು, ಗಂಡನು ಮಾಡುತ್ತಿದ್ದ ಇಗರ್ಜಿಯ ಕೆಲಸವನ್ನೂ ನಡೆಸಿಕೊಂಡು ಬಂದಳು. ಅವನು ಮನೆಗೆ ಬರೆದ ಕಾಗದಗಳನ್ನೂ ಟಿಪ್ಪಣಿಗಳನ್ನೂ ಕಾಪಾಡಿಟ್ಟಳು. ನಮ್ಮಂಥ ಚರಿತ್ರೆಯ ವಿದ್ಯಾರ್ಥಿಗಳು ಅವಳಿಗೆ ಋಣಿಗಳು. ೧೯೬೪ರಲ್ಲಿ ಗಾರ್ಡನ್ ಜಾನ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು ಅವನ ಚರಿತ್ರೆಯನ್ನು ಗ್ರಂಥವಾಗಿ ಬರೆದು ಹೊರಲೋಕಕ್ಕೆ ತಿಳಿಸಿದರು.

ಆ ಕಾಲಕ್ಕೆ ರೋಮಿನಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ನಡೆಯುತ್ತಿತ್ತು. ಇಪ್ಪತ್ತಮೂರನೆಯ ಜಾನ್ ಜಗದ್ಗುರುಗಳು ೧೯೬೩ರ ಏಪ್ರಿಲ್ ೧೧ರ ವಿಶ್ವಪತ್ರದಲ್ಲಿ ಸತ್ಯ, ನ್ಯಾಯ, ಪ್ರೀತಿ, ಸ್ವಾತಂತ್ರ್ಯಗಳೆಂಬ ನಾಲ್ಕು ಕಂಬಗಳ ಮೇಲೆ ಶಾಂತಿಯನ್ನು ನಿಲ್ಲಿಸಿ, ಅದನ್ನು ಕಥೋಲಿಕರಿಗೆ ಮಾತ್ರವಲ್ಲದೆ ಸದಿಚ್ಛೆಯುಳ್ಳ ಸರ್ವರಿಗೂ ಉದ್ದೇಶಿಸಿದ್ದರು. ೧೯೬೪ರ ಡಿಸೆಂಬರಿನಲ್ಲಿ ಆರನೆಯ ಪೌಲ್ ಜಗದ್ಗುರುಗಳು ಮುಂಬಯಿಗೆ ಬಂದಾಗ ಬೃಹದಾರಣ್ಯಕೋಪನಿಷತ್ತಿನ ಪ್ರಾರ್ಥನೆಯೊಂದನ್ನು ಸ್ಮರಿಸಿದರು. ಶಸ್ತ್ರಾಸ್ತ್ರಗಳಿಗೆ ಸುರಿಯುವ ಹಣದಲ್ಲಿ ಒಂದು ಪಾಲನ್ನು ಬಡಜನರ ನೆರವಿಗೆ ಕೊಡಿರೆಂದು ರಾಷ್ಟ್ರಗಳನ್ನು ಬೇಡಿದರು. ೧೯೩೭ರಿಂದ ೧೯೫೦ರವರೆಗೆ ಅದೇ ಮುಂಬಯಿಯ ಮಹಾಧರ್ಮಾಧ್ಯಕ್ಷರಾಗಿದ್ದು, ಭಾರತೀಯರೊಬ್ಬರಿಗೆ ಪೀಠ ದೊರೆಯಲೆಂದು ತಾವಾಗಿಯೇ ಬಿಟ್ಟುಕೊಟ್ಟ ಥಾಮಸ್ ರಾಬರ್ಟ್ಸ್ ಎಂಬವರು, ಯೇಗರ್‌ಸ್ಟೆಟ್ಟರನ ಸಂಗತಿಯನ್ನು ಮಹಾಸಭೆಯ ಗಮನಕ್ಕೆ ತಂದರು. ಅಂತಃಕರಣವನ್ನು ಅನುಸರಿಸುವವನಿಗೆ ಧರ್ಮಸಭೆಯ ಆಸರೆ ಬೇಡವೇ ಎಂಬುದು ಅವರ ಪ್ರಶ್ನೆ. ೧೯೬೫ರ ಡಿಸೆಂಬರ್ ೭ರಂದು ಪ್ರಕಟವಾದ ಮಹಾಸಭೆಯ ಶಾಸನವು, ಯುದ್ಧವಿಲ್ಲದಿರುವುದಷ್ಟೇ ಶಾಂತಿಯಲ್ಲ, ಅದು ನ್ಯಾಯದ ಫಲವೆಂದು ವಿವರಿಸಿತು. ಇಡೀ ನಗರಗಳನ್ನು ಜನಸಮೇತ ನಾಶಮಾಡುವ ಯುದ್ಧಕೃತ್ಯವನ್ನು ಖಂಡಿಸಿತು. ಅಂತಃಕರಣದ ಕಾರಣದಿಂದ ಆಯುಧ ಹಿಡಿಯದವರಿಗೆ ಕಾನೂನು ಮಾನವೀಯ ಅವಕಾಶ ಕಲ್ಪಿಸುವುದು ಯುಕ್ತವೆಂದಿತು. ೧೯೬೮ರಿಂದ ಪ್ರತಿವರ್ಷ ಜನವರಿ ೧ನ್ನು ವಿಶ್ವಶಾಂತಿದಿನವಾಗಿ ಕಥೋಲಿಕರು ಆಚರಿಸುತ್ತಿದ್ದಾರೆ.

ಕೊನೆಗೆ ತಿದ್ದುಪಡಿ ಧರ್ಮಪಾಠದ ಪುಸ್ತಕಕ್ಕೂ ಬಂದಿತು. ೧೯೯೨ರಲ್ಲಿ ಎರಡನ��ಯ ಜಾನ್ ಪೌಲ್ ಜಗದ್ಗುರುಗಳು ಹೊರಡಿಸಿದ ಧರ್ಮೋಪದೇಶ ಗ್ರಂಥದಲ್ಲಿ ಐದನೆಯ ಕಟ್ಟಳೆಯ ಕೆಳಗೆ ಶಾಂತಿರಕ್ಷಣೆಯೆಂಬ ಪ್ರತ್ಯೇಕ ಪ್ರಕರಣವೇ ಇದೆ. ಅದಕ್ಕಿಂತ ಮಹತ್ತ್ವದ್ದು ನಾಲ್ಕನೆಯ ಕಟ್ಟಳೆಯ ವಿವರಣೆ. ಪ್ರಭುತ್ವದ ಆಜ್ಞೆ ನೀತಿಧರ್ಮಕ್ಕೆ ವಿರುದ್ಧವಾದರೆ ಅದನ್ನು ಪಾಲಿಸದಿರುವುದು ಪ್ರಜೆಯ ಅಂತಃಕರಣದ ಕರ್ತವ್ಯವೆಂದು ಅಲ್ಲಿ ಸ್ಪಷ್ಟವಾಗಿ ಹೇಳಿದೆ. ಹಳೆಯ ಪುಸ್ತಕದಲ್ಲಿ ಮೂಲೆಯ ಷರತ್ತಾಗಿದ್ದುದು ಹೊಸ ಪುಸ್ತಕದಲ್ಲಿ ಪಾಠವೇ ಆಗಿದೆ. ವಿದ್ಯಾರ್ಥಿಯು ೧೯೪೩ರಲ್ಲಿ ಬರೆದ ಉತ್ತರಕ್ಕೆ ಗುರುಗಳು ಐವತ್ತು ವರ್ಷಗಳ ಮೇಲೆ ಸರಿಯೆಂಬ ಗುರುತು ಹಾಕಿದರೆನ್ನಬಹುದು. ಬರ್ಲಿನ್ನಿನ ನ್ಯಾಯಾಲಯವೊಂದು ೧೯೯೭ರಲ್ಲಿ ಮರಣದಂಡನೆಯ ತೀರ್ಪನ್ನು ರದ್ದುಗೊಳಿಸಿತು. ೨೦೦೭ರ ಅಕ್ಟೋಬರ್ ೨೬ರಂದು, ಆಸ್ಟ್ರಿಯದ ರಾಷ್ಟ್ರೀಯ ದಿನದಂದೇ, ಲಿಂಟ್ಸ್‌ನ ಪ್ರಧಾನ ಇಗರ್ಜಿಯಲ್ಲಿ ಅವನನ್ನು ಧನ್ಯರ ಸಾಲಿಗೆ ಸೇರಿಸಲಾಯಿತು. ತೊಂಬತ್ತನಾಲ್ಕು ವರ್ಷದ ಫ್ರಾನ್ಸಿಸ್ಕಾ ಅಲ್ಲಿದ್ದಳು. ೨೦೧೩ರಲ್ಲಿ, ನೂರು ತುಂಬಿದ ಮೇಲೆ, ಅವಳು ತೀರಿಕೊಂಡಳು.

ಇದೆಲ್ಲ ಪರದೇಶದ, ಪರಮತದ ಕಥೆಯೆಂದು ನಮ್ಮ ಅಧ್ಯಾಪಕ ಬಂಧುಗಳು ಭಾವಿಸಲಾರರೆಂದು ನಂಬಿದ್ದೇವೆ. ದೇವರಾಜ್ಯವೆಂಬ ಈ ಮಾತು ನಮ್ಮ ರಾಷ್ಟ್ರೀಯ ಚಳವಳಿಯನ್ನೂ ಮುಟ್ಟಿದೆ. ದೇವರಾಜ್ಯ ನಿಮ್ಮೊಳಗಿದೆಯೆಂಬ ಹೆಸರಿನ ಟಾಲ್‌ಸ್ಟಾಯ್ ಅವರ ಗ್ರಂಥ ದಕ್ಷಿಣ ಆಫ್ರಿಕದಲ್ಲಿದ್ದ ಗಾಂಧೀಜಿಯವರನ್ನು ಆಳವಾಗಿ ಕಲಕಿತೆಂದು ಅವರೇ ಆತ್ಮಕಥೆಯಲ್ಲಿ ಬರೆದಿದ್ದಾರೆ. ಟಾಲ್‌ಸ್ಟಾಯ್ ಕಥೋಲಿಕರಲ್ಲ, ಗಾಂಧೀಜಿ ಕ್ರೈಸ್ತರಲ್ಲ. ಆದರೂ ಪದ ಒಬ್ಬರಿಂದ ಒಬ್ಬರಿಗೆ ನಡೆದು ಬಂದಿತು. ಒಳ್ಳೆಯ ಪದಕ್ಕೆ ಗಡಿಠಾಣ್ಯವಿಲ್ಲ.

ನಾವು ಧರ್ಮಪಾಠ ಹೇಳುವವರಲ್ಲ. ಆದರೆ ಎಲ್ಲ ಮತಗಳ ಮಕ್ಕಳು ಕೂರುವ ತರಗತಿಯಲ್ಲಿ ಶಾಂತಿಯ ವಿಷಯ ಎತ್ತುವವರು. ಈ ಚರಿತ್ರೆಯಿಂದ ನಾವು ಕಲಿತದ್ದು ಇಷ್ಟು. ಶಾಂತಿಯನ್ನು ಬರಿಯ ಮನಸ್ಸಿನ ನೆಮ್ಮದಿಯೆಂದು ಕಲಿಸಿದರೆ ಅದು ಅನ್ಯಾಯದ ಪಕ್ಕದಲ್ಲಿಯೇ ನಿಶ್ಚಿಂತೆಯಿಂದ ನಿದ್ರಿಸುತ್ತದೆ. ಆದುದರಿಂದ ಅದನ್ನು ನ್ಯಾಯದ ಜೊತೆಗೇ ಕಲಿಸಬೇಕು. ವಿಧೇಯತೆಯನ್ನು ಕಲಿಸುವ ದಿನವೇ ಅದರ ಮೇರೆಯನ್ನೂ ಕಲಿಸಬೇಕು. ಮೇರೆಯನ್ನು ಅಡಿಟಿಪ್ಪಣಿಗೆ ಬಿಟ್ಟರೆ ಅದು ಪರೀಕ್ಷೆಯ ದಿನ ನೆನಪಿಗೆ ಬರುವುದಿಲ್ಲ. ಹಿಂದಿನ ಬೆಂಚಿನಿಂದ ಬರುವ ಪ್ರಶ್ನೆಯನ್ನು ಗಂಟೆಯ ನೆಪದಿಂದ ತಳ್ಳಿಬಿಡಬಾರದು. ನಾವು ಬೇಸರದಿಂದ ಒಪ್ಪಿಸಿದ ಪಾಠವನ್ನು ಅಲ್ಲಿ ಕುಳಿತ ಒಬ್ಬನು ಪೂರಾ ನಂಬಿರಬಹುದು.

ಆ ಹುಡುಗನು ಶಾಲೆ ಬಿಟ್ಟು ಹೋಗಿ ವರ್ಷಗಳಾದವು. ಅವನಿಗೆ ಕೊಡಬೇಕಾಗಿದ್ದ ಉತ್ತರವನ್ನು ಈಗ ಪ್ರತಿವರ್ಷ ಆ ಪಾಠದ ಕೊನೆಗೆ ಉಳಿದವರಿಗೆ ಹೇಳುತ್ತಿದ್ದೇವೆ: ಹೌದು, ಅವರೂ ಅದೇ ಪ್ರಾರ್ಥನೆಯನ್ನು ಮಾಡುತ್ತಿದ್ದರು. ಬಹುಮಂದಿ ಆ ರಾಜ್ಯ ಎಂದೋ ಬರುವುದೆಂದು ತಿಳಿದು ಹೊರಟುಹೋದರು. ಗಡಿಹಳ್ಳಿಯ ಒಬ್ಬ ರೈತನು ಮಾತ್ರ ತಾನು ಆಗಲೇ ಅದರ ಪ್ರಜೆಯೆಂದು ತಿಳಿದು ಅಲ್ಲಿಯೇ ನಿಂತನು. ಇಷ್ಟು ಹೇಳಿದ ಮೇಲೆ ತರಗತಿ ಸ್ವಲ್ಪ ಹೊತ್ತು ಸುಮ್ಮನಿರುತ್ತದೆ. ಆಮೇಲೆ ಪ್ರಶ್ನೆಗಳು ಬರುತ್ತವೆ. ಗಂಟೆ ಬಾರಿಸಿದರೂ ನಾವು ನಿಂತು ಉತ್ತರ ಹೇಳುತ್ತೇವೆ.